ಏರಿದ ಎತ್ತರವೋ, ಊರಲ್ಲಿ ಉಳಿದ ಕೆಲಸವೋ?

ದಿನಕರ ದೇಸಾಯಿ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಿಮಗೆ ನೆನಪಾಗುವುದು ಚುಟುಕ. ಗಡಿಯಾರದ ಮೇಲೆ ಅವರು ಬರೆದ ಪದ್ಯ ನಿಮ್ಮ ಮನೆಯ ಮಕ್ಕಳಿಗೆ ಬಾಯಿಪಾಠವಾಗಿರಬಹುದು. ಭಾಷಣಕಾರರು ಅವರ ನಾಲ್ಕು ಸಾಲುಗಳನ್ನು ಹೇಳಿ ಚಪ್ಪಾಳೆ ಗಿಟ್ಟಿಸುವುದನ್ನು ನೀವು ಎಷ್ಟೋ ಸಮಾರಂಭಗಳಲ್ಲಿ ಕಂಡಿದ್ದೀರಿ. ಆದರೆ ಇದೇ ವ್ಯಕ್ತಿ ಅಂಕೋಲೆಯ ಗೇಣಿ ಒಕ್ಕಲುಗಳ ಪರವಾಗಿ ನಿಂತು ತಮ್ಮ ಹುಟ್ಟಿದ ಜಿಲ್ಲೆಯಿಂದಲೇ ಗಡೀಪಾರಾದವರು. ಮುಂಬಯಿ ನಗರಪಾಲಿಕೆಯ ಸದಸ್ಯರಾಗಿದ್ದವರು. 1967ರಲ್ಲಿ ಯಾವ ಪಕ್ಷದ ಹಂಗೂ ಇಲ್ಲದೆ ಪಕ್ಷೇತರರಾಗಿ ನಮ್ಮ ಕೆನರಾ ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಹೋದವರು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಕವಿಯನ್ನು ಉಳಿಸಿಕೊಂಡು ರಾಜಕಾರಣಿಯನ್ನು ನಾವು ಕೈಬಿಟ್ಟಿದ್ದೇವೆ. ಇದು ಕೇವಲ ಮರೆವು ಎಂದು ನನಗೆ ಅನಿಸುವುದಿಲ್ಲ. ಕವಿ ನಮ್ಮಿಂದ ಏನನ್ನೂ ಬೇಡುವುದಿಲ್ಲ. ನಗಿಸಿ, ಕುಟುಕಿ, ಹೊರಟುಹೋಗುತ್ತಾನೆ. ಆದರೆ ಆ ರಾಜಕಾರಣಿಯ ಬದುಕು ನಮ್ಮೆದುರು ಒಂದು ಪ್ರಶ್ನೆಯನ್ನಿಟ್ಟು ಕುಳಿತಿದೆ. ಜನಪ್ರತಿನಿಧಿಯನ್ನು ನೀವು ಯಾವ ಅಳತೆಗೋಲಿನಿಂದ ಅಳೆಯುತ್ತೀರಿ? ಅವನು ಏರಿದ ಎತ್ತರದಿಂದಲೋ, ಅಥವಾ ಅವನಿಂದಾಗಿ ಊರಿನಲ್ಲಿ ಉಳಿದ ಕೆಲಸದಿಂದಲೋ? ನಾವು ಸುಲಭವಾದ ಅಳತೆಗೋಲನ್ನು ಆರಿಸಿಕೊಂಡಿದ್ದೇವೆ, ಅದು ತಪ್ಪು ಅಳತೆಗೋಲು ಎಂಬುದೇ ಈ ಲೇಖನದ ವಾದ. ನಿಮ್ಮಲ್ಲಿ ಕೆಲವರಿಗೆ ಇದು ಒಪ್ಪಿಗೆಯಾಗಲಾರದು. ಆಗಲಿ, ವಾದ ಮಾಡೋಣ.

ನಮ್ಮ ನಡುವೆ ರಾಜಕೀಯದ ಮಾತು ಬಂದಾಗ ಅದು ಹೇಗೆ ಸಾಗುತ್ತದೆಂದು ಗಮನಿಸಿ. ಗ್ರಾಮ ಪಂಚಾಯತಿಯ ಸದಸ್ಯನೆಂದರೆ ಕನಿಷ್ಠ. ತಾಲೂಕು ಪಂಚಾಯತಿಯೆಂದರೆ ಪರವಾಗಿಲ್ಲ. ಶಾಸಕನಾದರೆ ಗೌರವ, ಸಂಸದನಾದರೆ ಹಾರ ತುರಾಯಿ, ಮಂತ್ರಿಯಾದರೆ ಇಡೀ ಸಮಾಜಕ್ಕೇ ಕೋಡು. ಸಾರ್ವಜನಿಕ ಬದುಕನ್ನು ನಾವು ಒಂದು ಏಣಿಯಂತೆ ಕಾಣುತ್ತೇವೆ. ಕೆಳಗಿನ ಮೆಟ್ಟಿಲು ಮೇಲಿನದಕ್ಕೆ ಹತ್ತಲಿಕ್ಕಷ್ಟೇ ಇರುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಒಮ್ಮೆ ಹತ್ತಿದವನು ಕೆಳಗಿನ ಮೆಟ್ಟಿಲ ಕಡೆ ತಿರುಗಿ ನೋಡದಿದ್ದರೂ ನಮಗೆ ಬೇಸರವಿಲ್ಲ. ಮೇಲೆ ಕುಳಿತಿದ್ದಾನಲ್ಲ, ಸಾಕು.

ಈ ಏಣಿಯ ಕಲ್ಪನೆಯನ್ನು ದಿನಕರ ದೇಸಾಯಿಯವರ ಜೀವನ ಸುಳ್ಳು ಮಾಡುತ್ತದೆ. ಆದ್ದರಿಂದ ಅದರ ಕಡೆ ಸ್ವಲ್ಪ ಗಮನ ಕೊಡಿ.

1909ರಲ್ಲಿ ಅಂಕೋಲಾ ತಾಲೂಕಿನ ಅಲಗೇರಿಯಲ್ಲಿ ಹುಟ್ಟಿದ ಅವರು ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಓದಿದರು, ಕಾನೂನು ಪದವಿಯನ್ನೂ ಪಡೆದರು. ಕಲ್ಯಾಣದ ಚಾಲುಕ್ಯರ ಕಾಲದ ಮಹಾಮಂಡಳೇಶ್ವರರ ಬಗ್ಗೆ ಅವರು ಬರೆದ ಇತಿಹಾಸ ಗ್ರಂಥವನ್ನು 1951ರಲ್ಲಿ ಪ್ರಕಟಿಸಿದ್ದು ಅದೇ ಕಾಲೇಜಿನಲ್ಲಿ ಯೇಸುಸಭೆಯ ಗುರು ಹೆನ್ರಿ ಹೆರಾಸ್ ಅವರು ಕಟ್ಟಿದ ಸಂಶೋಧನಾ ಸಂಸ್ಥೆ. ನಮ್ಮ ಜಿಲ್ಲೆಯ ತರುಣನೊಬ್ಬ ಮುಂಬಯಿಗೆ ಓದಲು ಹೋದದ್ದರಲ್ಲಿ ಆಶ್ಚರ್ಯವಿಲ್ಲ. 1862ರಿಂದ 1956ರ ನವೆಂಬರ್ 1ರವರೆಗೆ ಉತ್ತರ ಕನ್ನಡವು ಮುಂಬಯಿ ಆಡಳಿತಕ್ಕೆ ಸೇರಿತ್ತು. ವಿದ್ಯೆಗೂ ಉದ್ಯೋಗಕ್ಕೂ ನಮ್ಮ ಹಿರಿಯರು ಹಡಗು ಹತ್ತುತ್ತಿದ್ದುದು ಅತ್ತ ಕಡೆಗೇ.

ಇಷ್ಟು ಓದಿದವರು ವಕೀಲಿ ಮಾಡಿ ಹಣ ಗಳಿಸಬಹುದಿತ್ತು. ಅವರು ಸೇರಿದ್ದು ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜವನ್ನು. ಆ ಸಂಸ್ಥೆಯ ಸದಸ್ಯರು ಅಲ್ಪ ಜೀವನಾಂಶದಲ್ಲಿ ಬದುಕುವುದಾಗಿ, ತಮಗಾಗಿ ಸಂಪಾದನೆ ಮಾಡುವುದಿಲ್ಲವೆಂದು ವ್ರತ ತೊಡಬೇಕಿತ್ತು. ಸನ್ಯಾಸ ಸಭೆಗಳ ಬಡತನದ ವ್ರತವನ್ನು ಬಲ್ಲ ನಿಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸವೊಂದೇ: ಅವರ ವ್ರತವು ಅವರನ್ನು ಮಠದೊಳಗೆ ಅಲ್ಲ, ಮುಂಬಯಿ ಬಂದರಿನ ಹಡಗು ಕಾರ್ಮಿಕರ ನಡುವೆ ತಂದು ನಿಲ್ಲಿಸಿತು. ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರ ಜೊತೆಗೂಡಿ ಅವರು ನಾವಿಕರ ಸಂಘಟನೆಯಲ್ಲಿ ದುಡಿದರು. ಭಾರತದ ಕಡಲ ಕಾರ್ಮಿಕರ ಕುರಿತು, ದೇಶದ ಪ್ರಾಥಮಿಕ ಶಿಕ್ಷಣದ ಕುರಿತು ಪುಸ್ತಕಗಳನ್ನು ಬರೆದರು.

ಅದೇ ಕಾಲಕ್ಕೆ ಅಂಕೋಲೆಯಲ್ಲಿ ಇನ್ನೊಂದು ಕೆಲಸ ಕಾದಿತ್ತು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ, ನಂತರ ಕರನಿರಾಕರಣೆಗಾಗಿ ಮನೆಮಠ ಕಳೆದುಕೊಂಡ, ಕರ್ನಾಟಕದ ಬಾರ್ಡೋಲಿ ಎಂದು ಕರೆಸಿಕೊಂಡ ತಾಲೂಕು ಅದು. ಆದರೆ ಸರಕಾರಕ್ಕೆ ಕರ ಕೊಡುವುದಿಲ್ಲ ಎಂದು ಹೇಳಿದ ಅದೇ ನೆಲದಲ್ಲಿ ಒಡೆಯನ ಅಂಗಳಕ್ಕೆ ಬೆಳೆಯ ಬಹುಪಾಲನ್ನು ಹೊತ್ತು ಹಾಕುವ ಗೇಣಿದಾರ ಇನ್ನೂ ಹಾಗೆಯೇ ಬಾಗಿ ನಿಂತಿದ್ದ. ಹಾಲಕ್ಕಿ ಒಕ್ಕಲಿಗರು, ನಾಮಧಾರಿಗಳು, ಇನ್ನೂ ಅನೇಕ ಜಾತಿಗಳ ಬಡ ಸಾಗುವಳಿದಾರರು ಆ ಸಾಲಿನಲ್ಲಿದ್ದರು. ದೇಸಾಯಿಯವರು ಅವರನ್ನು ಕೂಡಿಸಿ ರೈತಕೂಟ ಕಟ್ಟಿದರು. ಅದಕ್ಕೆ ಬಂದ ಬಹುಮಾನವೆಂದರೆ 1940ರಿಂದ ಐದು ವರ್ಷಗಳ ಗಡೀಪಾರು. ಒಂದು ಜಿಲ್ಲೆಯ ಆಡಳಿತವು ಅದೇ ಜಿಲ್ಲೆಯ ಮಗನಿಗೆ ಇಲ್ಲಿ ಕಾಲಿಡಬೇಡ ಎಂದಿತು.

ಮುಂದಿನದನ್ನು ನೋಡಿ. ಸ್ವಾತಂತ್ರ್ಯ ಬಂದ ಮೇಲೆ ತ್ಯಾಗದ ಪಟ್ಟಿಯನ್ನು ಹಿಡಿದು ದಿಲ್ಲಿಗೆ ಓಡಿದವರು ಕಡಮೆಯಿರಲಿಲ್ಲ. ದೇಸಾಯಿಯವರು ಊರಿಗೆ ಮರಳಿದರು. 1953ರಲ್ಲಿ ಅಂಕೋಲೆಯಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಸ್ಥಾಪಿಸಿ ಪ್ರೌಢಶಾಲೆಗಳಿಲ್ಲದ ಊರುಗಳಲ್ಲಿ ಪ್ರೌಢಶಾಲೆಗಳನ್ನು ತೆರೆಯುತ್ತ ಹೋದರು. ಅಂಕೋಲೆಯಲ್ಲಿ ಪೀಪಲ್ಸ್ ಹೈಸ್ಕೂಲ್, ದಾಂಡೇಲಿ, ಶಿರಾಲಿ ಮುಂತಾದ ಕಡೆ ಜನತಾ ವಿದ್ಯಾಲಯ, ಗೋಖಲೆಯವರ ಜನ್ಮಶತಾಬ್ದಿಯ ವರ್ಷವಾದ 1966ರಲ್ಲಿ ಅಂಕೋಲೆಯಲ್ಲೇ ಗೋಖಲೆ ಸೆಂಟಿನರಿ ಕಾಲೇಜು. ಹೆಸರುಗಳನ್ನು ಗಮನಿಸಿ: ಜನತೆ, ಗೋಖಲೆ. ಯಾವ ಶಾಲೆಗೂ ಅವರು ತಮ್ಮ ಹೆಸರನ್ನಾಗಲಿ ತಮ್ಮ ಜಾತಿಯ ಹೆಸರನ್ನಾಗಲಿ ಇಡಲು ಹೋಗಲಿಲ್ಲ. ‘ಜನಸೇವಕ’ ಎಂಬ ವಾರಪತ್ರಿಕೆಯನ್ನು ನಡೆಸಿದರು. ಇಷ್ಟೆಲ್ಲ ಆದ ಮೇಲೆ, ಐವತ್ತೇಳನೆಯ ವಯಸ್ಸಿನಲ್ಲಿ, 1967ರಲ್ಲಿ ಅವರು ಲೋಕಸಭೆಗೆ ಹೋದರು. ಆ ಸದನವು ಅವಧಿಗೆ ಮುನ್ನ, 1970ರ ಡಿಸೆಂಬರಿನಲ್ಲಿ ವಿಸರ್ಜನೆಯಾಯಿತು. ಅಲ್ಲಿಗೆ ಅವರ ದಿಲ್ಲಿಯ ಅಧ್ಯಾಯ ಮುಗಿಯಿತು. 1982ರಲ್ಲಿ ತೀರಿಕೊಳ್ಳುವವರೆಗೂ ಅವರ ಹೆಸರು ದಿಲ್ಲಿಗಿಂತ ಹೆಚ್ಚಾಗಿ ಅಂಕೋಲೆಯೊಂದಿಗೇ ಕೂಡಿಕೊಂಡಿತ್ತು.

ನಿಮ್ಮ ಏಣಿಯ ಲೆಕ್ಕದಲ್ಲಿ ಇದು ಸೋಲು. ಮಂತ್ರಿಪದವಿಯಿಲ್ಲ, ರಾಜಭವನವಿಲ್ಲ, ಪೂರ್ತಿ ಐದು ವರ್ಷದ ಒಂದು ಅವಧಿಯೂ ಇಲ್ಲ. ಆದರೆ ಆ ಶಾಲೆಗಳಲ್ಲಿ ಕಲಿತು ಮಾಸ್ತರರಾದವರು, ದಾದಿಯರಾದವರು, ಬ್ಯಾಂಕಿನ ಗುಮಾಸ್ತರಾದವರು, ಹಡಗಿಗೆ ಹೋದವರು ಎಷ್ಟು ಮನೆಗಳಲ್ಲಿದ್ದಾರೆಂದು ಎಣಿಸಿ. ನಮ್ಮ ಧರ್ಮಕೇಂದ್ರಗಳ ಕುಟುಂಬಗಳಲ್ಲಿಯೂ ಅಂಥವರು ಸಿಗುತ್ತಾರೆ. ಆ ಎಣಿಕೆಯನ್ನು ಯಾವ ಮಂತ್ರಿಯ ನಾಮಫಲಕ ಸರಿಗಟ್ಟೀತು?

ಇಲ್ಲಿ ಒಂದು ಬಲವಾದ ಆಕ್ಷೇಪಣೆ ಬರುತ್ತದೆ. ಅದನ್ನು ತಪ್ಪಿಸಿಕೊಂಡು ಹೋಗುವುದು ನ್ಯಾಯವಲ್ಲ. “ಫಾದರ್, ನೀವು ಹೇಳಿದ್ದು ನಮ್ಮ ಮಾತನ್ನೇ ಸಮರ್ಥಿಸುತ್ತದೆ. ದೇಸಾಯಿಯವರು ಉಳಿಸಿಹೋದದ್ದು ಶಾಲೆಗಳನ್ನು, ಅದು ಸಮಾಜಸೇವೆ. ರಾಜಕೀಯದಿಂದ ಅವರಿಗೇನೂ ಸಾಧ್ಯವಾಗಲಿಲ್ಲ. ಹಾಗಾದರೆ ನಾವೂ ಸೇವೆ ಮಾಡಿಕೊಂಡಿರೋಣ, ಆ ಹೊಲಸಿಗೆ ಕೈ ಹಾಕುವುದು ಯಾಕೆ?” ಎಂದು ನೀವು ಕೇಳಬಹುದು. ಒಳ್ಳೆಯ ಮನೆಗಳಲ್ಲಿ, ದಿನವೂ ಪ್ರಾರ್ಥನೆ ನಡೆಯುವ ಮನೆಗಳಲ್ಲಿ ಈ ಮಾತು ಕೇಳಿಬರುತ್ತದೆ. ಕೇಳಲಿಕ್ಕೆ ಸಾತ್ವಿಕವಾಗಿದೆ. ಆದರೆ ಅರ್ಧ ಸತ್ಯ.

ಶಾಲೆಯನ್ನು ಸೇವೆಯಿಂದ ಕಟ್ಟಬಹುದು; ಗೇಣಿಯನ್ನು ಸೇವೆಯಿಂದ ತೆಗೆಯಲಾಗುವುದಿಲ್ಲ. ಬಡ ಒಕ್ಕಲಿಗೆ ಒಂದು ಚೀಲ ಅಕ್ಕಿ ದಾನ ಕೊಡಬಹುದು. ಅವನು ಉಳುವ ಗದ್ದೆಯನ್ನು ಅವನದಾಗಿಸಲು ಕಾನೂನೇ ಬೇಕು. ಮೊದಲು 1948ರ ಮುಂಬಯಿ ಗೇಣಿ ಕಾನೂನು ಬಂತು. ಆಮೇಲೆ, ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿ ಭೂಮಿಯನ್ನು ಸರಕಾರಕ್ಕೆ ವಹಿಸಿ ಉಳುವವನಿಗೆ ಕೊಡುವ ದಾರಿ ತೆರೆಯಿತು. ಏಳನೇ ನಮೂನೆಯ ಅರ್ಜಿ ಹಿಡಿದು ಭೂ ನ್ಯಾಯಮಂಡಳಿಯ ಮುಂದೆ ನಿಂತ ಅಜ್ಜಂದಿರ ನೆನಪು ನಿಮ್ಮ ಮನೆಯಲ್ಲಿಯೂ ಇರಬಹುದು. ಕರಾವಳಿಯ ಕ್ರೈಸ್ತರಲ್ಲಿ ಒಡೆಯರೂ ಇದ್ದರು, ಒಕ್ಕಲುಗಳೂ ಇದ್ದರು. ಇಂದು ನೀವು ಕುಳಿತಿರುವ ಮನೆಯ ಅಂಗಳ ನಿಮ್ಮದಾಗಿದ್ದರೆ ಅದು ದಾನಧರ್ಮದಿಂದ ಬಂದದ್ದೋ, ವಿಧಾನಸಭೆಯಲ್ಲಿ ಎತ್ತಿದ ಕೈಗಳಿಂದ ಬಂದದ್ದೋ ವಿಚಾರಿಸಿ ನೋಡಿ. ರಾಜಕೀಯವನ್ನು ಹೊಲಸು ಎಂದು ಕರೆಯುವವರು ಆ ಹೊಲಸಿನಲ್ಲಿ ಬೆಳೆದ ಭತ್ತವನ್ನೇ ಉಣ್ಣುತ್ತಿದ್ದಾರೆ.

ಆ ಶಾಲೆಗಳಾದರೂ ರಾಜಕೀಯದ ಹೊರಗಿದ್ದವೇ? ಶಿಕ್ಷಕರ ಸಂಬಳಕ್ಕೆ ಅನುದಾನ ಬೇಕು, ಅನುದಾನಕ್ಕೆ ನಿಯಮ ಬೇಕು, ನಿಯಮ ಮಾಡಲು ಪ್ರತಿನಿಧಿ ಬೇಕು. ಕ್ರೈಸ್ತ ಶಾಲೆಗಳನ್ನು ನಡೆಸುವ ನಮಗೆ ಈ ಸರಪಳಿ ಚೆನ್ನಾಗಿ ಗೊತ್ತು. ದೇಸಾಯಿಯವರ ಹೆಚ್ಚುಗಾರಿಕೆ ಇರುವುದು ಸೇವೆ ಮತ್ತು ರಾಜಕೀಯವನ್ನು ಎರಡು ಕೋಣೆಗಳಾಗಿ ಅವರು ಒಡೆಯಲಿಲ್ಲ ಎಂಬಲ್ಲಿ. ರೈತಕೂಟ, ನಗರಪಾಲಿಕೆ, ಪತ್ರಿಕೆ, ಟ್ರಸ್ಟು, ಲೋಕಸಭೆ, ಇವೆಲ್ಲ ಅವರಿಗೆ ಒಂದೇ ಕೆಲಸದ ಬೇರೆ ಬೇರೆ ಹತಾರಗಳು.

ಎರಡನೆಯ ಮಾತು ನಮ್ಮ ಸಮಾಜಕ್ಕೆ ಇನ್ನೂ ಹತ್ತಿರದ್ದು. “ನಮ್ಮವರೊಬ್ಬರು ದಿಲ್ಲಿಯಲ್ಲಿರಬೇಕು” ಎನ್ನುವ ಹಂಬಲ. ಈ ಹಂಬಲಕ್ಕೆ ನಮ್ಮ ಜಿಲ್ಲೆಯ ಇತಿಹಾಸ ಸಾಕಷ್ಟು ಆಹಾರ ಒದಗಿಸಿದೆ. ಸ್ವಾತಂತ್ರ್ಯ ಹೋರಾಟಗಾರ, ‘ಫೋರಂ’ ಪತ್ರಿಕೆಯ ಸಂಪಾದಕ ಜೋಕಿಂ ಆಳ್ವರು 1952, 1957 ಮತ್ತು 1962ರ ಚುನಾವಣೆಗಳಲ್ಲಿ ಕೆನರಾದಿಂದ ಲೋಕಸಭೆಗೆ ಆರಿಸಿ ಬಂದರು. ಅವರ ಪತ್ನಿ ವಯೊಲೆಟ್ ಆಳ್ವರು ರಾಜ್ಯಸಭೆಯ ಸದಸ್ಯೆಯಾಗಿ, ಗೃಹ ಖಾತೆಯ ಉಪಮಂತ್ರಿಯಾಗಿ, 1962ರಿಂದ 1969ರವರೆಗೆ ಆ ಸದನದ ಉಪಸಭಾಪತಿಯಾಗಿ ಹೆಸರು ಪಡೆದರು. ಅವರ ಸೊಸೆ ಮಾರ್ಗರೆಟ್ ಆಳ್ವರು 1974ರಿಂದ 1998ರವರೆಗೆ ನಾಲ್ಕು ಅವಧಿಗೆ ರಾಜ್ಯಸಭೆಯಲ್ಲಿದ್ದು, ಕೇಂದ್ರದಲ್ಲಿ ಮಂತ್ರಿಯಾಗಿ, 1999ರಲ್ಲಿ ಇದೇ ಕೆನರಾ ಕ್ಷೇತ್ರದಿಂದ ಲೋಕಸಭೆಗೆ ಗೆದ್ದು, 2004ರಲ್ಲಿ ಸೋತು, 2009ರ ನಂತರ ಉತ್ತರಾಖಂಡ, ರಾಜಸ್ಥಾನಗಳ ರಾಜ್ಯಪಾಲರಾಗಿ, 2022ರಲ್ಲಿ ವಿರೋಧ ಪಕ್ಷಗಳ ಪರವಾಗಿ ಉಪರಾಷ್ಟ್ರಪತಿ ಸ್ಥಾನಕ್ಕೆ ಸ್ಪರ್ಧಿಸಿದರು. ಹೆಮ್ಮೆಪಡಬೇಕಾದ ಮನೆತನ, ಸಂದೇಹವಿಲ್ಲ.

ಆದರೆ ನಮ್ಮ ಹೆಮ್ಮೆ ಯಾವುದರ ಬಗ್ಗೆ? ಮಾರ್ಗರೆಟ್ ಆಳ್ವರ ಪದವಿಗಳ ಪಟ್ಟಿಯನ್ನು ಒಪ್ಪಿಸುವ ಹಿರಿಯರು ಸಿಗುತ್ತಾರೆ. ಅವರ ಕೆಲಸಗಳಲ್ಲಿ ಯಾವುದು ನಿಮ್ಮ ಊರಿನ ಬಾಗಿಲಿಗೆ ಬಂದು ನಿಂತಿದೆ ಎಂದು ಕೇಳಿದರೆ ಮೌನ. ಉತ್ತರ ಹೇಳುತ್ತೇನೆ. 1985ರಿಂದ 1989ರವರೆಗೆ ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿಯ ಹೊಣೆ ಹೊತ್ತ ರಾಜ್ಯಮಂತ್ರಿಯಾಗಿದ್ದಾಗ, 1988ರಲ್ಲಿ, ಮಹಿಳೆಯರಿಗಾಗಿ ರಾಷ್ಟ್ರೀಯ ದೂರದರ್ಶಿ ಯೋಜನೆಯೊಂದು ಸಿದ್ಧವಾಯಿತು. ಸ್ಥಳೀಯ ಸಂಸ್ಥೆಗಳಲ್ಲಿ ಶೇಕಡಾ 30ರಷ್ಟು ಸ್ಥಾನಗಳನ್ನು ಹೆಂಗಸರಿಗೆ ಮೀಸಲಿಡಬೇಕೆಂದು ಅದು ಶಿಫಾರಸು ಮಾಡಿತು. 1989ರಲ್ಲಿ ರಾಜೀವ ಗಾಂಧಿಯವರ ಸರಕಾರ ತಂದ ಪಂಚಾಯತಿ ಮಸೂದೆ ಲೋಕಸಭೆಯಲ್ಲಿ ಗೆದ್ದು ರಾಜ್ಯಸಭೆಯಲ್ಲಿ ಬಿದ್ದುಹೋಯಿತು. ಕೊನೆಗೆ 73ನೇ ಸಂವಿಧಾನ ತಿದ್ದುಪಡಿಯ ರೂಪದಲ್ಲಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಾಗ ಮೂರನೆಯ ಒಂದು ಭಾಗ ಮಹಿಳೆಯರದ್ದಾಯಿತು. ಕರ್ನಾಟಕವು ಅದನ್ನು ಅರ್ಧಕ್ಕೆ ಏರಿಸಿತು. ದಿಲ್ಲಿಯಲ್ಲಿ ಕುಳಿತವರು ಮಾಡಿದ ಕೆಲಸಗಳಲ್ಲಿ ಹೆಚ್ಚು ಬಾಳಿದ್ದು ಗ್ರಾಮ ಪಂಚಾಯತಿಯ ಕುರ್ಚಿಯನ್ನು ಕುರಿತದ್ದು ಎಂಬುದರಲ್ಲಿ ನಮಗೊಂದು ಪಾಠವಿಲ್ಲವೇ?

ಇದೇ ಜಿಲ್ಲೆಯ ಇನ್ನೊಬ್ಬರನ್ನು ನೋಡಿ. ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು 1983ರಲ್ಲಿ ಮುಖ್ಯಮಂತ್ರಿಯಾದರು, 1998ರಲ್ಲಿ ಕೇಂದ್ರ ವಾಣಿಜ್ಯ ಮಂತ್ರಿಯಾದರು. ವಾಣಿಜ್ಯ ಮಂತ್ರಿಯಾಗಿ ಅವರು ಏನು ಮಾಡಿದರೆಂದು ನಿಮ್ಮಲ್ಲಿ ಯಾರೂ ಹೇಳಲಾರಿರಿ. ಆದರೆ 1983ರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಕಾನೂನು, ಅದನ್ನು ಮುಂದೆ ನಿಂತು ನಡೆಸಿದ ‘ನೀರ್ ಸಾಬ್’ ಅಬ್ದುಲ್ ನಜೀರ್ ಸಾಬ್, 1987ರ ಚುನಾವಣೆಗಳು, ಅಲ್ಲಿ ಮಹಿಳೆಯರಿಗೆ ಸಿಕ್ಕ ಶೇಕಡಾ 25ರ ಮೀಸಲಾತಿ, ಇವು ಸಂವಿಧಾನ ತಿದ್ದುಪಡಿಗೂ ಮೊದಲೇ ದೇಶಕ್ಕೆ ದಾರಿ ತೋರಿಸಿದವು. ಇಲ್ಲಿಯೂ ಅದೇ ಕಥೆ. ಎತ್ತರದ ಪದವಿ ಮರೆತುಹೋಯಿತು. ಹಳ್ಳಿಗೆ ಇಳಿದ ಅಧಿಕಾರ ಉಳಿಯಿತು.

ಆದ್ದರಿಂದ ‘ನಮ್ಮವರು’ ಎಂಬ ಪದವನ್ನು ಬಳಸುವ ಮೊದಲು ಸ್ವಲ್ಪ ನಿಲ್ಲಿ. ಜೋಕಿಂ ಆಳ್ವರು ಮೂರು ಬಾರಿ ಗೆದ್ದದ್ದು ಕ್ರೈಸ್ತರ ಮತಗಳಿಂದಲೇ ಏನು? ಈ ಜಿಲ್ಲೆಯಲ್ಲಿ ನಮ್ಮ ಸಂಖ್ಯೆ ಎಂದೂ ಯಾರನ್ನೂ ಲೋಕಸಭೆಗೆ ಕಳಿಸುವಷ್ಟು ಇರಲಿಲ್ಲ. ಹವ್ಯಕರು, ನಾಮಧಾರಿಗಳು, ಹಾಲಕ್ಕಿಗಳು, ಮೀನುಗಾರರು, ಮುಸಲ್ಮಾನರು ಅವರಿಗೆ ಮತ ಕೊಟ್ಟರು, ಅವರ ಧರ್ಮವನ್ನು ಕೇಳದೆ ಕೊಟ್ಟರು. 1967ರಲ್ಲಿ ಅದೇ ಮತದಾರರು ಪಕ್ಷದ ಚಿಹ್ನೆಯನ್ನು ಬದಿಗಿಟ್ಟು ಪಕ್ಷೇತರನೊಬ್ಬನನ್ನು ಆರಿಸಿದರು. ಅಂದಿನ ಮತದಾರರಲ್ಲಿ ಅಕ್ಷರ ಬಲ್ಲವರು ಇಂದಿಗಿಂತ ಕಡಮೆ. ಆದರೆ ಅಳತೆಗೋಲು ಸರಿಯಾಗಿತ್ತು. ಇನ್ನೊಬ್ಬರು ನಮ್ಮವನಿಗೆ ಧರ್ಮ ಕೇಳದೆ ಮತ ಕೊಡಲಿ, ನಾವು ಮಾತ್ರ ಕೊಡುವಾಗ ಕೇಳಿಯೇ ಕೊಡುತ್ತೇವೆ ಎಂಬ ನಿಲುವಿಗೆ ನ್ಯಾಯದ ಯಾವ ಹೆಸರೂ ಒಪ್ಪುವುದಿಲ್ಲ.

ಈಗ ನಮ್ಮ ಮಲ್ಲಾಪುರಕ್ಕೆ ಬರೋಣ. ಕಾಳಿ ನದಿಯ ದಂಡೆಯ ಈ ಊರಿನಲ್ಲಿ ದಿಲ್ಲಿಯ ನೆರಳು ಬೇರೆ ಊರುಗಳಿಗಿಂತ ದಟ್ಟವಾಗಿದೆ. ಕೈಗಾ ಅಣುವಿದ್ಯುತ್ ಸ್ಥಾವರದ ವಸತಿನಗರ ಇರುವುದು ಇಲ್ಲಿ. 2000ದಿಂದ 2011ರ ನಡುವೆ ಅಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳು ಉತ್ಪಾದನೆ ಆರಂಭಿಸಿದವು. ಸಮೀಪದಲ್ಲಿಯೇ ಕದ್ರಾ ಅಣೆಕಟ್ಟು. ಅತ್ತ ಕಡಲ ತೀರದಲ್ಲಿ, 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲೂಕುಗಳ ಸಾವಿರಾರು ಕುಟುಂಬಗಳು ಮನೆ ಬಿಟ್ಟು ಹೋದವು. ಪರಿಹಾರಕ್ಕಾಗಿ ದಶಕಗಟ್ಟಲೆ ಅಲೆದವು. ಇವೆಲ್ಲ ದೇಶದ ಹೆಸರಿನಲ್ಲಿ, ದೂರದಲ್ಲಿ ಕೈಗೊಂಡ ನಿರ್ಣಯಗಳು. ಹೀಗಿರುವಾಗ ‘ಪಂಚಾಯತಿಯಿಂದ ಏನಾಗುತ್ತದೆ, ಎಲ್ಲವೂ ಮೇಲಿನಿಂದಲೇ ಬರುತ್ತದೆ’ ಎಂದು ಇಲ್ಲಿಯ ಜನರಿಗೆ ಅನಿಸುವುದು ಸಹಜ.

ಸಹಜ ನಿಜ, ಆದರೆ ಸರಿಯಲ್ಲ. ದೊಡ್ಡ ನಿರ್ಣಯಗಳು ದೂರದಲ್ಲಿ ಆಗುವ ಊರಿಗೇ ಗಟ್ಟಿಯಾದ ಗ್ರಾಮಸಭೆ ಹೆಚ್ಚು ಅಗತ್ಯ. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನಿಂದ ಬಿಟ್ಟ ನೀರು ಕಾಳಿ ದಂಡೆಯ ಊರುಗಳಿಗೆ ನುಗ್ಗಿತು. ಅಣೆಕಟ್ಟಿನ ಬಾಗಿಲು ತೆರೆಯುವ ಅಧಿಕಾರ ಪಂಚಾಯತಿಗಿಲ್ಲ. ಆದರೆ ಯಾವ ಕೇರಿಗೆ ನೀರು ಮೊದಲು ಬರುತ್ತದೆ, ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿ ಇದ್ದಾಳೆ, ದೋಣಿ ಯಾರ ಬಳಿಯಿದೆ ಎಂಬುದು ದಿಲ್ಲಿಗೆ ತಿಳಿಯದು. ಕೇರಿಯ ಸದಸ್ಯನಿಗೆ ತಿಳಿದಿರುತ್ತದೆ. ಆ ತಿಳಿವನ್ನು ಮೊದಲೇ ದಾಖಲೆಯಾಗಿಸಿ, ಮುನ್ಸೂಚನೆ ಹೇಗೆ ಬರಬೇಕೆಂದು ಠರಾವು ಮಾಡಿ, ಅದನ್ನು ಮೇಲಿನವರ ಮುಂದೆ ಇಡುವ ಜಾಗ ಗ್ರಾಮಸಭೆ. ಕಾನೂನಿನ ಪ್ರಕಾರ ಅದು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಕಳೆದ ಸಭೆಗೆ ನಿಮ್ಮ ಮನೆಯಿಂದ ಯಾರು ಹೋಗಿದ್ದರು? ವಸತಿನಗರದ ಕುಟುಂಬಗಳಿಗೂ ಈ ಪ್ರಶ್ನೆ ಸಲ್ಲುತ್ತದೆ. ‘ನಾವು ವರ್ಗವಾಗಿ ಬಂದವರು, ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ’ ಎನ್ನುವ ನೀವು ಹದಿನೈದು, ಇಪ್ಪತ್ತು ವರ್ಷ ಇಲ್ಲಿಯ ನೀರು ಕುಡಿಯುತ್ತೀರಿ. ಆವರಣದ ಗೋಡೆಯಾಚೆಯ ಊರು ನಿಮ್ಮದಲ್ಲವೇ?

ಇನ್ನು ಮೀಸಲು ಸ್ಥಾನಗಳ ಸಂಗತಿ. ಅರ್ಧದಷ್ಟು ಕುರ್ಚಿಗಳು ಹೆಂಗಸರದ್ದಾಗಲು ನಾಲ್ಕು ದಶಕಗಳ ಶ್ರಮ ಬಿದ್ದಿದೆ. ಆದರೆ ಎಷ್ಟೋ ಊರುಗಳಲ್ಲಿ ಗೆದ್ದವಳು ಒಬ್ಬಳು, ಸಭೆಯಲ್ಲಿ ಮಾತಾಡುವವನು ಅವಳ ಗಂಡ. ಅವಳಿಂದ ಬೇಕಾದದ್ದು ರುಜು ಮಾತ್ರ. ಧರ್ಮಕೇಂದ್ರದ ಮಹಿಳಾ ಸಂಘಟನೆಯಲ್ಲಿ ಲೆಕ್ಕಪತ್ರ ಇಡುವ, ನೂರಾರು ಜನರ ಊಟ ನಿರ್ವಹಿಸುವ, ಜಗಳ ಬಿಡಿಸುವ ಬಾಯಿಯವರು, ಅಕ್ಕಂದಿರು ನಮ್ಮಲ್ಲಿ ಇಲ್ಲವೇ? ಅವರು ಚುನಾವಣೆಗೆ ನಿಲ್ಲುತ್ತೇನೆಂದರೆ ಮೊದಲು ತಡೆಯುವುದು ಮನೆಯವರೇ. “ನಮ್ಮ ಮನೆತನಕ್ಕೆ ಇದು ಹೇಳಿದ್ದಲ್ಲ” ಎನ್ನುತ್ತಾರೆ. ಅದೇ ಬಾಯಿಂದ ಮಾರ್ಗರೆಟ್ ಆಳ್ವರ ಗುಣಗಾನ! ರಾಜಭವನದಲ್ಲಿರುವ ಹೆಂಗಸನ್ನು ಹೊಗಳಿ, ಪಂಚಾಯತಿಗೆ ಹೊರಟ ಹೆಂಗಸನ್ನು ಹೊಸ್ತಿಲಲ್ಲಿ ತಡೆಯುವುದಕ್ಕೆ ಕಪಟ ಎಂದಲ್ಲದೆ ಬೇರೆ ಹೆಸರಿಲ್ಲ.

ಕೆಳಗಿನ ಸಂಸ್ಥೆಗಳ ಬಗ್ಗೆ ನಮ್ಮ ಈ ತಾತ್ಸಾರದ ಫಲವನ್ನು ನಾವು ಉಂಡಿದ್ದೇವೆ. 2016ರಲ್ಲಿ ಆರಿಸಿ ಬಂದ ಜಿಲ್ಲಾ ಮತ್ತು ತಾಲೂಕು ಪಂಚಾಯತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವುದರೊಳಗೆ ಚುನಾವಣೆ ನಡೆಸಬೇಕೆಂದು ಸಂವಿಧಾನ ಹೇಳುತ್ತದೆ. ಆದರೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂಬ ಕಾರಣಗಳ ಮೇಲೆ ನಾಲ್ಕು ವರ್ಷಗಳಿಗೂ ಮಿಕ್ಕಿ ಆ ಸಂಸ್ಥೆಗಳು ಚುನಾಯಿತ ಸದಸ್ಯರಿಲ್ಲದೆ ಅಧಿಕಾರಿಗಳ ಕೈಯಲ್ಲಿ ಸಾಗಿದವು. ಆಳಿದ ಪಕ್ಷ ಬದಲಾಯಿತು, ಖಾಲಿ ಕುರ್ಚಿ ಬದಲಾಗಲಿಲ್ಲ. ಲೋಕಸಭೆಗೆ ಒಂದು ವರ್ಷ ಚುನಾವಣೆ ತಡವಾಗಿದ್ದರೆ ದೇಶವೇ ಎದ್ದು ನಿಲ್ಲುತ್ತಿತ್ತು. ಇಲ್ಲಿ ಯಾರೂ ಏಳಲಿಲ್ಲ. ಯಾಕೆ? ಕೆಳಗಿನ ಮೆಟ್ಟಿಲು ಮುರಿದರೂ ನಮಗೆ ಕಾಣುವುದಿಲ್ಲ, ಏಕೆಂದರೆ ನಮ್ಮ ಕಣ್ಣು ಸದಾ ಮೇಲಿನ ಮೆಟ್ಟಿಲ ಮೇಲೆ. ಹೆಗಡೆ, ನಜೀರ್ ಸಾಬರ ನಾಡಿನಲ್ಲಿಯೇ ಹೀಗಾಯಿತೆಂಬುದು ನಾಚಿಕೆಯ ಸಂಗತಿ.

ಚಿಕ್ಕವರು ಮಾಡಬಲ್ಲ ಕೆಲಸವನ್ನು ದೊಡ್ಡವರು ಕಸಿದುಕೊಳ್ಳುವುದು ಅನ್ಯಾಯ ಎಂದು ಜಗದ್ಗುರು ಹನ್ನೊಂದನೆಯ ಪಿಯುಸ್ ಅವರು 1931ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದರು. ಗುರುಮಠದಲ್ಲಿ ನಾವು ಅದನ್ನು ಪರೀಕ್ಷೆಗಾಗಿ ಓದಿದೆವು. ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಚಿಕ್ಕವರು ತಮ್ಮ ಪಾಲಿನ ಕೆಲಸವನ್ನು ತಾವಾಗಿಯೇ ಬಿಟ್ಟುಕೊಟ್ಟರೆ ದೊಡ್ಡವರು ಕಸಿದುಕೊಳ್ಳಬೇಕಾದ ಪ್ರಮೇಯವೇ ಬರುವುದಿಲ್ಲ.

ನಾನು ನಿಮಗೆ ಯಾವ ಪಕ್ಷವನ್ನೂ ಹೇಳುತ್ತಿಲ್ಲ. ಅದು ಧರ್ಮಗುರುವಿನ ಕೆಲಸವಲ್ಲ. ದಿಲ್ಲಿ ಬೇಡವೆಂದೂ ಹೇಳುತ್ತಿಲ್ಲ. ಗೇಣಿ ಕಾನೂನು, ಸಂವಿಧಾನ ತಿದ್ದುಪಡಿ, ಪುನರ್ವಸತಿಯ ಪರಿಹಾರ, ಇವಕ್ಕೆಲ್ಲ ಮೇಲಿನ ಸದನಗಳು ಬೇಕೇ ಬೇಕು. ನಾನು ಬೇಡವೆನ್ನುವುದು ಪದವಿಯ ಪೂಜೆಯನ್ನು. ಮತ ಕೇಳಲು ಬಂದವರನ್ನು “ನೀವು ಯಾರ ಪೈಕಿ?” ಎಂದು ಕೇಳುವುದನ್ನು ಬಿಡಿ. “ಇಲ್ಲಿಯ ತನಕ ಎಲ್ಲಿ ಕೆಲಸ ಮಾಡಿದ್ದೀರಿ? ಸೋತರೆ ನಾಳೆ ಎಲ್ಲಿರುತ್ತೀರಿ?” ಎಂದು ಕೇಳಿ. ದಿನಕರ ದೇಸಾಯಿಯವರು ಎರಡಕ್ಕೂ ಒಂದೇ ಉತ್ತರ ಕೊಡಬಲ್ಲವರಾಗಿದ್ದರು: ಅಂಕೋಲೆ. ಪದವಿಯಿಲ್ಲದಾಗಲೂ ಊರಲ್ಲಿ ಕೆಲಸವಿರುವವನಿಗೆ ಪದವಿ ಕೊಟ್ಟರೆ ನಷ್ಟವಿಲ್ಲ. ಪದವಿಯಿಲ್ಲದಿದ್ದರೆ ಕೆಲಸವೇ ಇಲ್ಲ ಎನ್ನುವವನಿಗೆ ಕೊಟ್ಟದ್ದೆಲ್ಲ ನಷ್ಟ.

ಮುಂದಿನ ಗ್ರಾಮಸಭೆಯ ದಿನಾಂಕವನ್ನು ಪಂಚಾಯತಿ ಕಚೇರಿಯಲ್ಲಿ ವಿಚಾರಿಸಿಕೊಂಡು ಬನ್ನಿ. ಮನೆಯಲ್ಲಿ ಹೆಂಗಸರಿದ್ದರೆ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಪ್ರಶ್ನೆಯನ್ನು ಅವರೇ ಕೇಳಲಿ.